ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳು: ರೊಟ್ಟಿ ಕೊಟ್ಟವರ ನೆನಪಿಗೆ



ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆ ಅಂದರೆ ಸಂಘದ ಜಮಾ-ಖರ್ಚು, ಅಧ್ಯಕ್ಷರ ಮಾತು, ದಾನಿಗಳ ಪಟ್ಟಿ ಇಷ್ಟೇ ಆಗಬಾರದು, ನಮ್ಮ ಸೀಮೆಯ ಇತಿಹಾಸದ ಒಂದು ಪುಟವೂ ಅದರಲ್ಲಿ ಇರಲಿ ಎಂಬುದು ನಮ್ಮೆಲ್ಲರ ಅಪೇಕ್ಷೆಯಾಗಿತ್ತು. ಯಾವ ಪುಟ ಎಂದು ಯೋಚಿಸಿದಾಗ ಮೊದಲು ನೆನಪಾದದ್ದು 1947-48ರ ಕಾಲ. ನಮ್ಮ ಹಿರಿಯರು ಅದನ್ನು 'ಹಾವಳಿ ಕಾಲ' ಎನ್ನುತ್ತಿದ್ದರು. ಆ ಒಂದು ವರ್ಷ ನಿಜಾಮ ಸಂಸ್ಥಾನದ ಗಡಿಯುದ್ದಕ್ಕೂ ತರುಣರಿಗೆ ಬಂದೂಕು ತರಬೇತಿ ಕೊಡುವ ಶಿಬಿರಗಳು ನಡೆದವು. ಅವು ಸರ್ಕಾರದ ಸೈನ್ಯದ ಶಿಬಿರಗಳಲ್ಲ. ರೈತರ ಮಕ್ಕಳು, ಶಾಲೆ ಬಿಟ್ಟು ಬಂದ ವಿದ್ಯಾರ್ಥಿಗಳು, ವಕೀಲರು, ಮಠದ ಸ್ವಾಮಿಗಳು ಸೇರಿ ಕಟ್ಟಿದ ದಂಡು ಅದು. ಇವತ್ತಿನ ಹುಡುಗರಿಗೆ 'ಗಡಿ ಶಿಬಿರ' ಅಂದರೆ ಕಣ್ಣಿನ ತಪಾಸಣಾ ಶಿಬಿರವೋ, ರಕ್ತದಾನ ಶಿಬಿರವೋ ಅನಿಸೀತು. ಅದಕ್ಕಾಗಿಯೇ ಈ ಬರಹ.

ದಂಡು ನಮ್ಮ ಸೀಮೆಗೆ ಹೊಸದಲ್ಲ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ನೆಲಕ್ಕೆ ರಾಯಚೂರು ದೋಆಬ್ ಎಂದು ಹೆಸರು. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ, ಆಮೇಲೆ ಆದಿಲಶಾಹಿಗಳೂ ಎಷ್ಟು ಸಲ ಕಾದಾಡಿದರೋ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಅಷ್ಟು ಹಿಂದಿನ ಮಾತು ಬೇಡ. 1853ರಲ್ಲಿ ನಿಜಾಮ ಸರ್ಕಾರ ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡಿನ ಖರ್ಚಿನ ಬಾಬತ್ತು ಬೀರಾರ್ ಪ್ರಾಂತವನ್ನೂ, ಅದರ ಜೊತೆ ನಮ್ಮ ದೋಆಬನ್ನೂ ಇಂಗ್ಲಿಷರ ಸುಪರ್ದಿಗೆ ಒಪ್ಪಿಸಿತು. ಅಂದರೆ ಒಂದು ದಂಡಿನ ಬಾಕಿಗಾಗಿ ನಮ್ಮ ನೆಲ ಒತ್ತೆ ಬಿತ್ತು. 1860ರಲ್ಲಿ ದೋಆಬ್ ಮತ್ತೆ ನಿಜಾಮನಿಗೆ ಬಂತು. ಆ ಕಂಟಿಂಜೆಂಟಿನ ಒಂದು ಠಾಣೆ ಲಿಂಗಸುಗೂರಿನಲ್ಲಿತ್ತು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪನಾಯಕರ ಮೇಲೆ ಹೋದ ದಂಡಿನ ಒಂದು ಭಾಗ ಹೊರಟದ್ದು ಅಲ್ಲಿಂದಲೇ. ದಂಡು ಹೋಗಿ ನೂರು ವರ್ಷದ ಮೇಲಾದರೂ ಜನ ಇಂದಿಗೂ 'ಲಿಂಗಸುಗೂರು ಛಾವಣಿ' ಅಂತಲೇ ಅಂತಾರೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮನ್ನು ಹದ್ದುಬಸ್ತಿನಲ್ಲಿ ಇಡಲು ಬಂದ ದಂಡಿನ ಹೆಸರು ಊರಿನ ಹೆಸರಿನಲ್ಲಿ ಉಳಿಯಿತು. ನಮ್ಮವರೇ ನಮಗಾಗಿ ಕಟ್ಟಿಕೊಂಡ ಶಿಬಿರಗಳ ಗುರುತು ಮಾತ್ರ ಉಳಿಯಲಿಲ್ಲ.

ಹೊಳೆಯೇ ಗಡಿ

ಆಗಿನ ಸ್ಥಿತಿ ಸ್ವಲ್ಪ ಕಣ್ಮುಂದೆ ತಂದುಕೊಳ್ಳಬೇಕು. ಮಾನ್ವಿ ತಾಲ್ಲೂಕಿನ ದಕ್ಷಿಣಕ್ಕೆ ಚೀಕಲಪರ್ವಿ, ರಾಜೋಳಿಬಂಡಾ ಮುಂತಾದ ಊರುಗಳ ಪಕ್ಕದಲ್ಲಿ ಹರಿಯುವ ತುಂಗಭದ್ರೆ ಆಗ ಬರೀ ಹೊಳೆಯಲ್ಲ, ಎರಡು ರಾಜ್ಯಗಳ ನಡುವಿನ ಎಲ್ಲೆ. ಈಚೆ ದಂಡೆ ನಿಜಾಮನದು. ಆಚೆ ದಂಡೆಯ ಆದವಾನಿ, ಸಿರುಗುಪ್ಪ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ, ಅಂದರೆ ಮದ್ರಾಸು ಪ್ರಾಂತಕ್ಕೆ ಸೇರಿದ್ದವು. ಮಂತ್ರಾಲಯಕ್ಕೆ ರಾಯರ ದರ್ಶನಕ್ಕೆ ಹೋಗುವ ನಮ್ಮ ಭಕ್ತರು ಹೊಳೆ ದಾಟಿದರೆ ರಾಜ್ಯವನ್ನೇ ದಾಟಿದಂತೆ.

ಹೊಳೆ ದಾಟಿದರೆ ರೊಕ್ಕವೂ ಬೇರೆ. ಇಲ್ಲಿ ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ್. ಆರು ಕಲ್ದಾರ್ ರೂಪಾಯಿಗೆ ಏಳು ಹಾಲಿ ರೂಪಾಯಿ. ಸರಕು ಸಾಗಿಸಿದರೆ ಕರೋಡಗಿರಿ ನಾಕಾದಲ್ಲಿ ಸುಂಕ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ, ವರ್ಷದ ಲೆಕ್ಕ ಫಸಲಿಯಲ್ಲಿ. ಯಾರ ಮನೆಯಲ್ಲಾದರೂ ಫಸಲಿ 1357ರ ಕಾಗದವಿದ್ದರೆ ಅದು ನಾವು ಹೇಳುತ್ತಿರುವ 1947-48ನೇ ವರ್ಷದ್ದೇ. ಹೊಲದ ರೈತನಿಗೆ ತನ್ನ ಹೊಲದ ಕಾಗದ ಓದಲು ಬರುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಬಂದ ಲೆವಿ ಧಾನ್ಯದ ವಸೂಲಿ ಬೇರೆ. ಬೆಳೆದವನ ಕಣಜ ಖಾಲಿ, ವಸೂಲಿಯವನ ಗಾಡಿ ಭರ್ತಿ ಎನ್ನುವ ಹಾಗೆ ಇತ್ತು.

1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂತು. ಆಚೆ ದಂಡೆಯಲ್ಲಿ ತ್ರಿವರ್ಣ ಧ್ವಜ ಹಾರಿತು. ಈಚೆ ದಂಡೆಯಲ್ಲಿ ಅದೇ ಧ್ವಜ ಹಾರಿಸಿದರೆ ಜೇಲು. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ತಾವು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ, ಸ್ವತಂತ್ರವಾಗಿರುತ್ತೇವೆ ಎಂದು ಅದೇ ವರ್ಷ ಜೂನ್‌ನಲ್ಲಿ ಫರ್ಮಾನು ಹೊರಡಿಸಿದ್ದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರು ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಆಗಸ್ಟ್ 7ನ್ನು 'ಭಾರತ ಒಕ್ಕೂಟಕ್ಕೆ ಸೇರಿ' ದಿನವೆಂದು ಆಚರಿಸಿದರು. ಆಗಸ್ಟ್ 15ಕ್ಕೆ ಸ್ವಾಮೀಜಿ ಬಂಧನದಲ್ಲಿದ್ದರು.

ಶಿಬಿರಗಳು ಹುಟ್ಟಿದ ಬಗೆ

ಇತ್ತ ಲಾತೂರಿನ ವಕೀಲ ಕಾಸಿಂ ರಜ್ವಿ ನೇತೃತ್ವದಲ್ಲಿ ರಜಾಕಾರರ ಪಡೆ ಬೆಳೆಯುತ್ತಿತ್ತು. ಹಳ್ಳಿಗಳ ಮೇಲೆ ದಾಳಿ, ಸುಲಿಗೆ, ಬೆಂಕಿ ಹಚ್ಚುವುದು ಹೆಚ್ಚಾಯಿತು. 1947ರ ನವೆಂಬರ್ 29ರಂದು ಭಾರತ ಸರ್ಕಾರಕ್ಕೂ ನಿಜಾಮನಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ದಿಲ್ಲಿಯಲ್ಲಿ ಮಾತುಕತೆ ನಡೆದೇ ಇತ್ತು, ಹಳ್ಳಿಯಲ್ಲಿ ಜನ ನರಳುವುದೂ ನಡೆದೇ ಇತ್ತು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು, ದನಕರು ಹೊಡೆದುಕೊಂಡು ಗಡಿ ದಾಟಿದವು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯೆ ಆ ಕಾಲದ ಅತಿ ಕರಾಳ ಘಟನೆಗಳಲ್ಲೊಂದು.

ಸತ್ಯಾಗ್ರಹ ಮಾಡಿ ಜೇಲಿಗೆ ಹೋಗುವುದು ಒಂದು ದಾರಿ. ಆದರೆ ರಾತ್ರಿ ಊರ ಮೇಲೆ ಬಿದ್ದವರ ಮುಂದೆ ಸತ್ಯಾಗ್ರಹ ಮಾಡುವುದು ಹೆಂಗ? ಈ ಪ್ರಶ್ನೆಯಿಂದಲೇ ಗಡಿ ಶಿಬಿರಗಳು ಹುಟ್ಟಿದವು. ನಿಜಾಮನ ಪೊಲೀಸರಿಗೆ ಗಡಿಯ ಆಚೆ ಅಧಿಕಾರವಿಲ್ಲ. ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತಗಳ ನೆಲದಲ್ಲಿ ಶಿಬಿರ ಹೂಡಿ, ಅಲ್ಲಿ ತರಬೇತಿ ಪಡೆದು, ಒಳಗೆ ಬಂದು ಕೆಲಸ ಮಾಡಿ ಮತ್ತೆ ಆಚೆ ಹೋಗುವುದು ಇದರ ಕ್ರಮ. ಸ್ಟೇಟ್ ಕಾಂಗ್ರೆಸ್ಸಿನ ಕ್ರಿಯಾ ಸಮಿತಿಯು ಕನ್ನಡ ಭಾಗದ ಹೋರಾಟವನ್ನು ಗದಗಿನಿಂದ ನಡೆಸಿತು. ಮರಾಠವಾಡದವರಿಗೆ ಸೊಲ್ಲಾಪುರ, ತೆಲಂಗಾಣದವರಿಗೆ ಬೆಜವಾಡ ಹೇಗೋ, ನಮ್ಮವರಿಗೆ ಗದಗ ಹಾಗೆ.

ಸಹಕಾರಿ ಬಂಧುಗಳಿಗೆ ಇಲ್ಲಿ ಇನ್ನೊಂದು ಸಂಗತಿ ನೆನಪಿಸಬೇಕು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ್ದು ಅದೇ ಗದಗ ಪಕ್ಕದ ಕಣಗಿನಹಾಳದಲ್ಲಿ. ಒಬ್ಬರಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆ ಎಂಬ ಮಾತು ಆ ನೆಲಕ್ಕೆ ಹೊಸದಾಗಿರಲಿಲ್ಲ.

ಮುಂಡರಗಿ, ಗಜೇಂದ್ರಗಡ

ಈ ಶಿಬಿರಗಳಲ್ಲಿ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹತ್ತಿರದವು ಎರಡು: ಮುಂಡರಗಿ ಮತ್ತು ಗಜೇಂದ್ರಗಡ. ಎರಡೂ ಊರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು, ಇಂದು ಗದಗ ಜಿಲ್ಲೆಯಲ್ಲಿವೆ. ಅಲ್ಲಿಂದ ಗಡಿ ದಾಟಿದರೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆ. ಆ ಊರುಗಳು ನಮಗೆ ಎಲ್ಲಿಯವು ಎಂದು ಯಾರೂ ಕೇಳಬಾರದು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆ ಆಗುವವರೆಗೆ ಅವೆಲ್ಲ ನಮ್ಮ ರಾಯಚೂರು ಜಿಲ್ಲೆಯೇ.

ಮುಂಡರಗಿ ಶಿಬಿರದ ನಾಯಕರು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ಅಳವಂಡಿ ಕೊಪ್ಪಳ ತಾಲ್ಲೂಕಿನ ಊರು, ಮುಂಡರಗಿಯ ಮಗ್ಗುಲಲ್ಲೇ ಇದೆ. ಗಜೇಂದ್ರಗಡ ಶಿಬಿರದ ನಾಯಕರು ಪುಂಡಲೀಕಪ್ಪ ಜ್ಞಾನಮೋಠೆಯವರು. ಮುಂಡರಗಿಯ ನೆಲಕ್ಕೆ ಹೋರಾಟ ಹೊಸದೂ ಅಲ್ಲ. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಮುಂಡರಗಿ ಭೀಮರಾಯರು ಕೊನೆಗೆ ಪ್ರಾಣ ಬಿಟ್ಟದ್ದು ಕೊಪ್ಪಳದ ಕೋಟೆಯಲ್ಲಿ. ತೊಂಬತ್ತು ವರ್ಷದ ಮೇಲೆ ಅದೇ ಮುಂಡರಗಿಯಿಂದ ಅದೇ ಕೊಪ್ಪಳದ ದಾರಿ ಹಿಡಿದು ಮತ್ತೊಂದು ಪಡೆ ಹೊರಟಿತು. ಉತ್ತರಕ್ಕೆ ವಿಜಾಪುರದ ಕಡೆ ತಾಳಿಕೋಟೆ, ಸಿಂದಗಿ, ಸೊಲ್ಲಾಪುರದ ಕಡೆ ದುಧನಿ ಹೀಗೆ ಇನ್ನೂ ಶಿಬಿರಗಳಿದ್ದವು. ಗಡಿಯುದ್ದಕ್ಕೂ ಬೇಲಿಯ ಗೂಟಗಳ ಹಾಗೆ ಅವು ನಿಂತಿದ್ದವು.

ಶಿಬಿರಕ್ಕೆ ಬಂದವರಲ್ಲಿ ಬಹಳ ಮಂದಿ ಜೀವನದಲ್ಲಿ ಕುಡಗೋಲು, ಕೊಡಲಿ ಬಿಟ್ಟರೆ ಬೇರೆ ಆಯುಧ ಮುಟ್ಟಿದವರಲ್ಲ. ಅಂಥವರಿಗೆ ಬಂದೂಕು ಹಿಡಿಯುವುದು, ಗುರಿ ಇಡುವುದು, ಸಾಲಿನಲ್ಲಿ ನಡೆಯುವುದು, ಹೇಳಿದ ಮಾತು ಕೇಳುವುದು ಕಲಿಸಬೇಕಾಗಿತ್ತು. ಕಲಿತವರ ಕೆಲಸಗಳು ಹಲವು. ಕರೋಡಗಿರಿ ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡುವುದು. ತಂತಿ ಕತ್ತರಿಸುವುದು. ರಜಾಕಾರರು ಬರುವ ಸುದ್ದಿ ತಿಳಿದು ಊರಿಗೆ ಮುಂಚೆಯೇ ಹೇಳುವುದು. ಗಡಿಯ ಹಳ್ಳಿಗಳಿಗೆ ಕಾವಲು ನಿಲ್ಲುವುದು. ಓಡಿಬಂದ ನಿರಾಶ್ರಿತರನ್ನು ಸುರಕ್ಷಿತವಾಗಿ ಆಚೆ ದಾಟಿಸುವುದು. ಕೊಪ್ಪಳ ಸೀಮೆಯ ಹಲವು ಗಡಿ ಹಳ್ಳಿಗಳು ಭಾರತದ ಸೈನ್ಯ ಬರುವ ಮೊದಲೇ ನಿಜಾಮನ ಆಡಳಿತದಿಂದ ಬಿಡುಗಡೆ ಆಗಿದ್ದವು. ಇದು ಶಿಬಿರಗಳ ಸಾಧನೆ.

ಶಿಬಿರ ನಡೆದದ್ದು ಯಾರಿಂದ?

ಇನ್ನು ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ನೂರು ಜನರ ಶಿಬಿರ ಅಂದರೆ ದಿನಕ್ಕೆ ಎರಡು ಹೊತ್ತು ನೂರು ಜನರ ಊಟ. ಒಬ್ಬೊಬ್ಬರಿಗೆ ಹೊತ್ತಿಗೆ ಮೂರು ರೊಟ್ಟಿ ಹಿಡಿದರೂ ದಿನಕ್ಕೆ ಆರುನೂರು ರೊಟ್ಟಿ. ಅದಕ್ಕೆ ಜೋಳ ಬೇಕು, ಬೀಸಬೇಕು, ಬಡಿಯಬೇಕು, ಬೇಯಿಸಬೇಕು. ಆಗ ಊರೂರಿಗೆ ಗಿರಣಿ ಎಲ್ಲಿತ್ತು? ಬೆಳಗಿನ ಜಾವ ಎದ್ದು ಬೀಸುವ ಕಲ್ಲು ತಿರುವಿದವರು ಹೆಣ್ಣುಮಕ್ಕಳು. ಇದು ನಾವು ಕಟ್ಟಿದ ಕಥೆಯಲ್ಲ, ರೊಟ್ಟಿ ತಿನ್ನುವ ಯಾರೂ ಹಾಕಬಹುದಾದ ಲೆಕ್ಕ.

ಶಿಬಿರಕ್ಕೆ ಬೊಕ್ಕಸ ಇರಲಿಲ್ಲ. ಸಂಬಳ ಇರಲಿಲ್ಲ. ಗಡಿ ಭಾಗದ ಊರುಗಳ ಜನ, ಪೇಟೆಯ ವರ್ತಕರು ಕಾಳು-ಕಡಿ, ರೊಕ್ಕ, ಬಟ್ಟೆ ಕೊಟ್ಟರು. ನಿಜಾಮನ ಗಡಿಯೊಳಗಿನ ಹಳ್ಳಿಗರಂತೂ ಸುದ್ದಿ ಕೊಟ್ಟರು, ಅಡಗಲು ಜಾಗ ಕೊಟ್ಟರು. ಬಂದೂಕು ಹಿಡಿದವನಿಗೆ ಗಡಿಯ ಆಚೆ ಹೋಗಿ ಬದುಕುವ ದಾರಿ ಇತ್ತು. ರಾತ್ರಿ ಅವನಿಗೆ ರೊಟ್ಟಿ ಕಟ್ಟಿಕೊಟ್ಟವಳು ಬೆಳಗಾದರೆ ಅದೇ ಊರಿನಲ್ಲಿ ಇರಬೇಕು. ರಜಾಕಾರರು ಬಂದು 'ಯಾರು ಬಂದಿದ್ರು, ಯಾವ ಕಡೆ ಹೋದ್ರು' ಎಂದು ಕೇಳುವುದು ಅವಳನ್ನೇ. ಧೈರ್ಯದ ತೂಕ ಹಾಕಿದರೆ ಯಾರದು ಹೆಚ್ಚು, ಯಾರದು ಕಡಿಮೆ? ನಾವು ತೂಗಲು ಹೋಗುವುದಿಲ್ಲ. ಎರಡೂ ಕೂಡಿಯೇ ಶಿಬಿರ ಆಯಿತು ಎಂದಷ್ಟೇ ಹೇಳುತ್ತೇವೆ.

ಐದು ದಿನಗಳ ಕಾರ್ಯಾಚರಣೆ

1948ರ ಆಗಸ್ಟ್ ಹೊತ್ತಿಗೆ ಮಾತುಕತೆ ಮುರಿದುಬಿತ್ತು. ನಿಜಾಮ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತು. ಅದೇ ಆಗಸ್ಟ್‌ನಲ್ಲಿ ಹೈದರಾಬಾದಿನ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರ ಕೊಲೆಯಾಯಿತು. ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಬರೆದದ್ದೇ ಅವರ ಅಪರಾಧ. ರಜಾಕಾರರಿಗೆ ಎದುರಾದವರು ಒಂದೇ ಧರ್ಮದವರು ಎಂದು ತಿಳಿದವರು ಈ ಹೆಸರನ್ನು ಮರೆಯಬಾರದು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದೊಳಗೆ ನುಗ್ಗಿತು. ಸೈನ್ಯದವರು ಇದಕ್ಕೆ 'ಆಪರೇಷನ್ ಪೋಲೋ' ಎಂದು ಹೆಸರಿಟ್ಟಿದ್ದರು. ನಮ್ಮ ಜನರ ಬಾಯಲ್ಲಿ ಅದು 'ಪೊಲೀಸ್ ಯಾಕ್ಷನ್'. ಮುಖ್ಯ ಪಡೆ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಕೈಕೆಳಗೆ ಸೊಲ್ಲಾಪುರದ ಕಡೆಯಿಂದ ಬಂತು. ನಮ್ಮ ದಕ್ಷಿಣದ ಕಡೆ ಹೊಸಪೇಟೆಯಲ್ಲಿ ಮೈಸೂರಿನ ಪದಾತಿ ಪಡೆಯವರು ಸಕ್ಕರೆ ಕಾರ್ಖಾನೆಯನ್ನು ರಜಾಕಾರರಿಂದ ಬಿಡಿಸಿಕೊಂಡರು. ಗೂರ್ಖಾ ಪಡೆಯವರು ತುಂಗಭದ್ರೆಯ ಸೇತುವೆಯನ್ನು ವಶಪಡಿಸಿಕೊಂಡರು. ಸೆಪ್ಟೆಂಬರ್ 17ಕ್ಕೆ ನಿಜಾಮರು ಸೋಲೊಪ್ಪಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಶರಣಾದರು. ಐದು ದಿನಕ್ಕೆ ಎಲ್ಲ ಮುಗಿಯಿತು.

ಐದೇ ದಿನದ ಕೆಲಸ ಎಂದು ಓದಿದಾಗ ನಮಗೆ ಬೇರೆ ವಿಚಾರವೂ ಹೊಳೆಯಬೇಕು. ಆ ಐದು ದಿನದ ಹಿಂದೆ ಗಡಿ ಶಿಬಿರಗಳ ಒಂದು ವರ್ಷದ ದುಡಿಮೆ ಇತ್ತು. ಗಡಿಯ ನಾಕಾಗಳು ಸಡಿಲಾಗಿದ್ದವು, ಜನರ ಎದೆಯಲ್ಲಿನ ಹೆದರಿಕೆ ಸಡಿಲಾಗಿತ್ತು.

ಮುಚ್ಚಿಡಬಾರದ ಮಾತು

ಇತಿಹಾಸ ಬರೆಯಲು ಕೂತ ಮೇಲೆ ನಮಗೆ ಇಷ್ಟವಾದ ಪುಟ ಮಾತ್ರ ಬರೆದು ಉಳಿದದ್ದು ಹರಿದು ಹಾಕುವುದು ಸರಿಯಲ್ಲ. ಸಂಘದ ಲೆಕ್ಕ ಪುಸ್ತಕವನ್ನು ಹಾಗೆ ಮಾಡಿದರೆ ಆಡಿಟರು ಬಿಡುತ್ತಾರೆಯೇ? ಸೈನಿಕ ಕಾರ್ಯಾಚರಣೆ ಮುಗಿದ ಮೇಲೆ ಸಂಸ್ಥಾನದ ಹಲವು ಕಡೆ ಮುಸಲ್ಮಾನರ ಮೇಲೆ ಸೇಡಿನ ಹಲ್ಲೆಗಳಾದವು. ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಬಡವರು, ಹೆಣ್ಣುಮಕ್ಕಳು ಅದರಲ್ಲಿ ನೊಂದರು, ಸತ್ತರು. ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಒಂದು ಸಮಿತಿ ಕಳಿಸಿತು. ಕಡಿಮೆ ಎಂದರೂ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡರು ಎಂದು ಆ ಸಮಿತಿ ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ನಮ್ಮ ನೆರೆಯ ಗುಲಬರ್ಗಾ, ಬೀದರ್ ಜಿಲ್ಲೆಗಳೂ ಸೇರಿದ್ದವು. ಆ ವರದಿ ಜನರ ಕಣ್ಣಿಗೆ ಬಿದ್ದದ್ದು 2013ರಲ್ಲಿ, ಅಂದರೆ ಅರವತ್ತೈದು ವರ್ಷ ಕಳೆದ ಮೇಲೆ.

ಇದನ್ನು ಹೇಳಿದರೆ ಶಿಬಿರದವರ ತ್ಯಾಗ ಕಡಿಮೆ ಆಗುವುದಿಲ್ಲ. ಅವರು ಹೋರಾಡಿದ್ದು ಒಂದು ಆಡಳಿತದ ವಿರುದ್ಧ, ಒಂದು ಪಡೆಯ ಹಾವಳಿಯ ವಿರುದ್ಧ. ಪಕ್ಕದ ಮನೆಯವರ ವಿರುದ್ಧ ಅಲ್ಲ. ಮೊಹರಮ್ಮಿಗೆ ಅಲಾಯಿ ಕುಣಿ ಮುಂದೆ ಎಲ್ಲರೂ ಕೂಡಿ ಕುಣಿಯುವ ಊರುಗಳು ನಮ್ಮವು. ನಮ್ಮ ಸಂಘದ ಷೇರು ಪುಸ್ತಕದಲ್ಲೂ ಎಲ್ಲ ಜಾತಿ-ಮತದವರ ಹೆಸರು ಒಂದರ ಕೆಳಗೊಂದು ಇವೆ. 'ಹಾವಳಿ ಕಾಲ'ದ ನೆನಪು ಮಕ್ಕಳಿಗೆ ಹೇಳುವಾಗ ಅದನ್ನು ಹೊಸ ಜಗಳಕ್ಕೆ ಬೀಜ ಮಾಡಬಾರದು ಎಂಬುದು ನಮ್ಮ ಕಳಕಳಿ.

ಬಿಡುಗಡೆಯಿಂದ ಬಂದದ್ದೇನು

ಬಿಡುಗಡೆ ಅಂದರೆ ಬರೀ ಧ್ವಜ ಬದಲಾದದ್ದಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಕಾಯ್ದೆ ಬಂದು ಉಳುವವನಿಗೆ ಸ್ವಲ್ಪ ಆಧಾರ ಸಿಕ್ಕಿತು. 1956ರ ನವೆಂಬರ್ 1ರಂದು ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ನಮ್ಮ ಹೊಲದ ಕಾಗದ ನಮ್ಮ ಭಾಷೆಗೆ ಬಂತು. 1945ರಲ್ಲಿ ಎರಡು ಸರ್ಕಾರಗಳು ಎರಡು ದಂಡೆಯಲ್ಲಿ ಅಡಿಗಲ್ಲು ಹಾಕಿದ್ದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ನೀರು ಹಿಡಿಯಿತು. ಎಡದಂಡೆ ಕಾಲುವೆ ನಮ್ಮ ಸೀಮೆಗೂ ಬಂತು. ಗಡಿಯಾಗಿದ್ದ ಹೊಳೆ ಹೊಲಕ್ಕೆ ನೀರಾಯಿತು. 2013ರಿಂದ ಸಂವಿಧಾನದ 371ಜೆ ವಿಧಿಯ ಪ್ರಕಾರ ನಮ್ಮ ಭಾಗದ ಮಕ್ಕಳಿಗೆ ಓದಿನಲ್ಲೂ ನೌಕರಿಯಲ್ಲೂ ಮೀಸಲು ದೊರೆತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರಾಯಿತು. ಇವೆಲ್ಲದರ ಬೇರು ಎಲ್ಲಿದೆ ಎಂದು ಅಗೆದು ನೋಡಿದರೆ ಆ ಶಿಬಿರಗಳ ಒಲೆಯ ಬೂದಿ ಸಿಗುತ್ತದೆ.

ಸರ್ಟಿಫಿಕೇಟು ಇಲ್ಲದವರು

ಕೇಂದ್ರ ಸರ್ಕಾರ 1972ರಲ್ಲಿ ಸ್ವಾತಂತ್ರ್ಯ ಯೋಧರಿಗೆ ಪಿಂಚಣಿ ಯೋಜನೆ ಆರಂಭಿಸಿತು. ಮುಂದೆ ಹೈದರಾಬಾದ್ ಗಡಿ ಶಿಬಿರಗಳಲ್ಲಿ ದುಡಿದವರನ್ನೂ ಅದರಲ್ಲಿ ಸೇರಿಸಲಾಯಿತು. ಒಳ್ಳೆಯ ಕೆಲಸವೇ. ಆದರೆ ಪಿಂಚಣಿಗೆ ಕಾಗದ ಬೇಕು. ಜೇಲಿಗೆ ಹೋದವನಿಗೆ ಜೇಲಿನ ದಾಖಲೆ ಇರುತ್ತದೆ. ಗುಟ್ಟಾಗಿ ನಡೆದ ಶಿಬಿರದಲ್ಲಿ ಇದ್ದವನು ಏನು ತೋರಿಸಬೇಕು? ಸಂಗಡ ಇದ್ದವರ, ಮುಂದಾಳುಗಳ ಮಾತೇ ಸಾಕ್ಷಿ. ಆ ಸಾಕ್ಷಿಯೂ ಸಿಗದೆ ಹೋದವರ ಗತಿ ಏನು?

ಅವರಿಗಾದರೂ ಕೇಳಲು ಒಂದು ಹಕ್ಕಿತ್ತು. ರೊಟ್ಟಿ ಬಡಿದವಳಿಗೆ, ಚಕ್ಕಡಿ ಹೂಡಿ ಕಾಳು ಮುಟ್ಟಿಸಿದವನಿಗೆ, ಸುದ್ದಿ ಹೊತ್ತು ಕತ್ತಲಲ್ಲಿ ನಡೆದ ತಳವಾರನಿಗೆ, ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸಿದ ಅಂಬಿಗನಿಗೆ ಯಾವ ಸರ್ಟಿಫಿಕೇಟು? ಅವರು ಕೇಳಲೂ ಇಲ್ಲ. ಕೇಳಬಹುದು ಎಂದು ಅವರಿಗೆ ಅನಿಸಲೂ ಇಲ್ಲ. ಈಗ ಆ ತಲೆಮಾರು ಬಹುಪಾಲು ಮಣ್ಣು ಸೇರಿದೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಇಂದು ಎಂಬತ್ತೈದು ದಾಟಿದೆ.

ಆದ್ದರಿಂದ ಬೆಳ್ಳಿ ಹಬ್ಬದ ಈ ಸಂದರ್ಭದಲ್ಲಿ ಸದಸ್ಯರ ಮುಂದೆ ನಮ್ಮದೊಂದು ಸೂಚನೆ. ಸಂಘದಲ್ಲಿ ಒಂದು ದೊಡ್ಡ ವಹಿ ಇಡೋಣ. ಯಾರ ಮನೆಯಲ್ಲಿ ಹಾವಳಿ ಕಾಲ ಕಂಡ ಹಿರಿಯರಿದ್ದಾರೋ, ಅವರು ಹೇಳಿದ್ದನ್ನು ಹೇಳಿದ ಹಾಗೆ ಅದರಲ್ಲಿ ಬರೆಯೋಣ. ಬರೆಯಲು ಶಾಲೆಯ ಮಕ್ಕಳನ್ನೇ ಕರೆಯೋಣ; ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ. ಹಿಂದೂ ಮನೆ, ಮುಸಲ್ಮಾನರ ಮನೆ ಎಂಬ ಭೇದ ಬೇಡ, ಆ ವರ್ಷ ಎಲ್ಲರ ಮನೆಯ ಮೇಲೂ ಹಾದುಹೋಗಿದೆ. ಹಳೇ ಉರ್ದು ಕಾಗದ, ಹಾಲಿ ನಾಣ್ಯ, ಒಂದು ಹಳೇ ಫೋಟೋ ಇದ್ದರೂ ತೋರಿಸಿರಿ, ಮುದ್ದಾಂ ನೋಡಿ ಬರೆದುಕೊಂಡು ಹಿಂತಿರುಗಿಸೋಣ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಧ್ವಜಾರೋಹಣ ಆದ ಮೇಲೆ ಅದರಿಂದ ಒಂದು ಪುಟ ಓದಿಸೋಣ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಒಂದು ವಹಿ, ಒಂದು ಪೆನ್ನು, ಕೇಳುವ ಮನಸ್ಸು.

ಸಾಲ ಕೊಟ್ಟವರು ಕೇಳದಿದ್ದರೂ ತೀರಿಸುವವನೇ ನಂಬಿಗಸ್ತ ಎಂದು ನಮ್ಮ ಸಂಘ ಇಪ್ಪತ್ತೈದು ವರ್ಷ ಹೇಳುತ್ತ ಬಂದಿದೆ. ಈ ಋಣ ಕೇಳುವವರು ಯಾರೂ ಇಲ್ಲ. ತೀರಿಸಬೇಕಾದವರು ನಾವೇ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.